ಕಲ್ಲುಗುಡ್ಡೆ ಪಾಳೆಗಾರನ ಗೋರಿ

ನಮ್ಮ ರವಿಚಂದ್ರನಿಗೆ ಇತಿಹಾಸದ ಹುಚ್ಚು ಹಿಡಿದದ್ದು ೨೦೦೩ರಲ್ಲಿ. ಮೈದುನನ ಮಗ, ನನ್ನ ಕಣ್ಣೆದುರೇ ಬೆಳೆದವನು; ಅಲ್ಲಿಯವರೆಗೆ ಮುತ್ತಜ್ಜನ ಹೆಸರೂ ನೆಟ್ಟಗೆ ಬರುತ್ತಿರಲಿಲ್ಲ. ಈಗ ಸ್ಮಾರಕ ಸಮಿತಿಯ ಅಧ್ಯಕ್ಷ! ಕಲ್ಲುಗುಡ್ಡೆಯ ಕೊನೆಯ ಪಾಳೆಗಾರ ನಮ್ಮ ವಂಶದ ಹಿರಿಯ. ಕುಂಪಣಿಯವರು ಅವನನ್ನು ಬಿಸಿಲೆ ಕಾಡಿನಲ್ಲಿ ಹಿಡಿದು ನೇಣಿಗೆ ಹಾಕಿದರು, ಹೆಣವನ್ನು ಮನೆಯವರಿಗೆ ಕೊಡಲಿಲ್ಲ. ಅವನ ಎಲುಬು ಹುಡುಕಿ ತಂದು ಆಲೂರಿನಲ್ಲಿ ಮಂಟಪ ಕಟ್ಟುವುದು ಸಮಿತಿಯ ಯೋಜನೆ.

ಎಲುಬು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಅತ್ತೆ ಹಿರಿಸೊಸೆಗೆ ಮಾತ್ರ ಹೇಳುತ್ತಾಳೆ. ಪಾಳೆಗಾರನ ಎತ್ತುಗಳನ್ನು ನೋಡಿಕೊಳ್ಳುತ್ತಿದ್ದ ಹುಸೇನ್ ಸಾಬರು ಹೆಣ ಇಳಿಸಿ ತಂದು, ಯಾರಿಗೂ ಅನುಮಾನ ಬಾರದಂತೆ ತಮ್ಮವರ ಖಬರಸ್ತಾನದಲ್ಲೇ ಹೂತರು. ಕುಂಪಣಿಯವರಿಗೆ ತಿಳಿದಿದ್ದರೆ ಅವರ ತಲೆಯೂ ಹೋಗುತ್ತಿತ್ತು. ಆ ಮಣ್ಣನ್ನು ನಮ್ಮವರು ಎಂದೂ ಕೆದಕುವುದಿಲ್ಲವೆಂದು ಪಾಳೆಗಾರನ ಹೆಂಡತಿ ಅವರಿಗೆ ಮಾತು ಕೊಟ್ಟಳು. ಈಗ ಆ ಮಾತು ಉಳಿಸುವವಳು ನಾನೊಬ್ಬಳೇ.

ಸುಳಿವು ಯಾರು ಕೊಟ್ಟರೋ, ಒಂದು ಬೆಳಿಗ್ಗೆ ರವಿಚಂದ್ರ ಹಾರೆ, ಗುದ್ದಲಿ ಹಿಡಿದ ಮೂವತ್ತು ಜನರೊಂದಿಗೆ ಕುಂದೂರಿನ ಆ ಖಬರಸ್ತಾನಕ್ಕೆ ನುಗ್ಗಲು ಹೊರಟ. ಸುದ್ದಿ ತಿಳಿದು ನಾನು ಏದುಸಿರು ಬಿಡುತ್ತಾ ಓಡಿದೆ. ಗೇಟಿನಲ್ಲಿ ಹುಸೇನ್ ಸಾಬರ ವಂಶದ ಅಮೀರ್ ಜಾನ್ ಒಬ್ಬರೇ ಅಡ್ಡ ನಿಂತಿದ್ದರು. ಅವರ ಹೆಂಡತಿ ರೋಷನ್ ಬೀ ತೀರಿಕೊಂಡು ನಲವತ್ತು ದಿನವೂ ಆಗಿರಲಿಲ್ಲ. ನನ್ನ ಜೀವದ ಗೆಳತಿ. ಅವಳ ಗೋರಿ ಪಾಳೆಗಾರನ ಪಕ್ಕದಲ್ಲೇ ಇತ್ತು.

“ಜಾಗ ತೋರ್ಸು ದೊಡ್ಡವ್ವ, ನಿಂಗೊತ್ತೈತೆ,” ಎಂದ ರವಿಚಂದ್ರ. “ತೋರಿಸ್ದಿದ್ರೆ ಒಂದ್ ಕಡೆಯಿಂದ ಅಗಿತೀವಿ.”

“ಅಕ್ಕಾ...” ಎಂದರು ಅಮೀರ್ ಜಾನ್.

ಅಷ್ಟರಲ್ಲಿ ಒಬ್ಬ ಬೇಲಿ ಹಾರಿ, ಮಣ್ಣು ಸಡಿಲ ಐತೆ ಎನ್ನುತ್ತಾ ರೋಷನ್ ಬೀಯ ಕಾಲ ದೆಸೆಯಲ್ಲೇ ಹಾರೆ ಊರಿದ. ಬೈದರೆ ಇವರು ಕೇಳುವವರಲ್ಲ. ಅತ್ತರೆ ಜಾಗ ಇದೇ ಎಂದು ಖಾತ್ರಿಯಾಗುತ್ತದೆ.

ಜೋರಾಗಿ ನಕ್ಕುಬಿಟ್ಟೆ.

“ಅಯ್ಯೋ ಪೆದ್ದೇ, ಯಾರ ಎಲುಬು ತೆಗಿತೀಯೋ? ಪಾಳೆಗಾರನ್ನ ಯಾರೂ ನೇಣಿಗ್ ಹಾಕ್ಲಿಲ್ಲ ಕಣೋ. ಕುಂಪಣಿಯೋರ್ ಬಂದ್ರು ಅಂತಿದ್ದಂಗೆ ಹೆಂಡ್ತಿ ಮಕ್ಕಳ್ನೂ ಬುಟ್ಟು ಘಾಟಿ ಇಳ್ದು ಓಡೋಗ್ಬುಟ್ಟ. ಮಾನ ಹೋಯ್ತದೆ ಅಂತ ಮನೆ ಹೆಂಗಸ್ರು ಈ ಕತೆ ಕಟ್ಟಿದ್ರು. ನಮ್ಮತ್ತೆ ಸಾಯೋವಾಗ ನಂಗ್ ಹೇಳಿದ್ದು ಇಷ್ಟೇಯ.”

“ಸುಳ್ಳು!”

“ನಮ್ಮ ವಂಶದ ಮೇಲೆ ನಾನೇ ಯಾಕೋ ಸುಳ್ಳು ಹೇಳ್ಲಿ?”

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. “ಓಡೋದೋನಿಗೆ ಮಂಟಪ ಬೇರೆ ಕೇಡು!” ಹಾರೆ ಊರಿದವನು ಅದನ್ನು ಕಿತ್ತುಕೊಂಡು ಹೊರಬಂದ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ರವಿಚಂದ್ರನ ಕಣ್ಣಲ್ಲಿ ನೀರಿತ್ತು. “ಎಲ್ರ ಮುಂದೆ ನಮ್ಮನ್ನ ಹೇಡಿ ವಂಶ ಮಾಡ್ಬುಟ್ಟೆಯಲ್ಲ ದೊಡ್ಡವ್ವ. ಇನ್ನು ನಿನ್ ಮುಖ ನೋಡಲ್ಲ,” ಎಂದು ಹೊರಟುಹೋದ.

ಪಾಳೆಗಾರ ನನ್ನಿಂದ ಎರಡು ಮಾರು ದೂರದಲ್ಲಿ ಮಲಗಿದ್ದ. ನೇಣಿಗೆ ಕುತ್ತಿಗೆ ಕೊಟ್ಟವನನ್ನು ಓಡಿಹೋದವನೆಂದು ಸಾರಿದ್ದೆ. ತಪ್ಪಾಯಿತೆಂದು ಕೈಮುಗಿಯಲು ಜೀವ ಒದ್ದಾಡುತ್ತಿತ್ತು. ಆದರೆ ರಸ್ತೆಯಲ್ಲಿ ನಾಲ್ಕಾರು ಜನ ಇನ್ನೂ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದರು. ಗೋರಿಯ ಕಡೆ ಕಣ್ಣೂ ಹಾಯಿಸದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದೆ.