ನಾಲ್ಕು ಟಯರು, ಒಂದು ಬಾಟಲಿ ನೀರು

ಕಾರಿನ ವೇಗ ಹೆಚ್ಚಬೇಕಾದರೆ ಮೊದಲು ಬ್ರೇಕಿಗೆ ಖರ್ಚು ಮಾಡಬೇಕು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಕ್ಕವರಲ್ಲಿ ಮೊದಲನೆಯವನು ನನ್ನ ದೊಡ್ಡಪ್ಪನ ಮಗ ಡೀನ್.

ನಾನು ಲೊರ್ನಾ. ಮನೆ ಇನ್ನಂಜೆಯಲ್ಲಿ, ಕೆಲಸ ಮಣಿಪಾಲದ ಒಂದು ಲ್ಯಾಬಿನಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಕೆಂಪು ಟರ್ಬೊ ಕಾರು ನೋಡಲಿಕ್ಕೆ ಸಣ್ಣದು, ಕಾಲು ಒತ್ತಿದರೆ ಮಾತ್ರ ಹಾರುತ್ತದೆ. ಹಾಗೆಂದು ಅದನ್ನು ಶೆಡ್ಡಿನಲ್ಲಿಟ್ಟು ಒರೆಸುತ್ತಾ ಕೂರುವ ಶ್ರೀಮಂತಿಕೆ ನನಗಿಲ್ಲ. ಬೆಳಿಗ್ಗೆ ಮಮ್ಮಿ ಕಟ್ಟಿದ ಮಲ್ಲಿಗೆಯ ಚೆಂಡುಗಳನ್ನು ಶಂಕರಪುರದಲ್ಲಿ ಇಳಿಸಿ, ಅಲ್ಲಿಂದ ಕಟಪಾಡಿ, ಉಡುಪಿ ದಾಟಿ ಮಣಿಪಾಲದ ಏರು ಹತ್ತುವುದು ಅದರ ದಿನದ ಕೆಲಸ. ಸ್ಪೋರ್ಟ್ಸ್ ಕಾರು ಎಂದು ಹೆಸರು, ಒಳಗೆ ಯಾವಾಗಲೂ ಮಲ್ಲಿಗೆಯ ವಾಸನೆ.

ಕಾರ್ಕಳದಲ್ಲಿ ಆಟೊಕ್ರಾಸ್ ಎಂಬ ಕಾರು ಓಟ ನಡೆಯುತ್ತದೆ ಎಂಬ ಸುದ್ದಿ ಬಂದಾಗ ಡೀನ್ ಮತ್ತು ನಾನು ಇಬ್ಬರೂ ಹೆಸರು ಕೊಟ್ಟೆವು. ಅವನದೂ ನನ್ನ ಹಾಗಿನದೇ ಕಾರು, ಬಣ್ಣ ಮಾತ್ರ ಬಿಳಿ. ಗೆದ್ದವರಿಗೆ ಸಿಗುವ ಕಪ್ ಯಾರಿಗೆ ಬೇಕು? ನಮ್ಮ ಕಣ್ಣಿದ್ದದ್ದು ಯೋಗೀಶಣ್ಣನ ಮೇಲೆ. ಸಂತೆಕಟ್ಟೆಯಲ್ಲಿ ಗ್ಯಾರೇಜ್ ಇಟ್ಟಿರುವ ಯೋಗೀಶಣ್ಣನಿಗೆ ಸ್ವಂತ ರ್‍ಯಾಲಿ ತಂಡ ಉಂಟು. ಅದರಲ್ಲಿ ಡ್ರೈವರ್ ಸೀಟೊಂದು ಖಾಲಿಯಾಗಿತ್ತು. ದಿನಬಳಕೆಯ ಕಾರುಗಳ ವಿಭಾಗದಲ್ಲಿ ಗೆದ್ದವರನ್ನೇ ಆ ಸೀಟಿನಲ್ಲಿ ಕೂರಿಸುವುದಾಗಿ ಅವರು ಹೇಳಿದ್ದರು.

ಡೀನ್ ಕೈಯಲ್ಲಿದ್ದ ಹಣವನ್ನೆಲ್ಲ ದೊಡ್ಡ ಸೈಲೆನ್ಸರಿಗೆ, ಹಿಂದೆ ರೆಕ್ಕೆಗೆ, ಎಂಜಿನ್ನಿನ ಕಂಪ್ಯೂಟರ್ ತಿದ್ದಿಸುವುದಕ್ಕೆ ಸುರಿದ. ಅವನು ಸಂತೆಕಟ್ಟೆ ದಾಟಿದರೆ ಕಲ್ಯಾಣಪುರದ ಇಗರ್ಜಿಯಲ್ಲಿ ಪೂಜೆಗೆ ಕೂತವರಿಗೆ ಕೇಳಿಸುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಾನೂ ಸುಮ್ಮನಿರದೆ ಹೇಳಿದೆ. ನನ್ನದು ಹಾಸಿಗೆ ಇದ್ದಷ್ಟು ಕಾಲು ಚಾಚುವ ಲೆಕ್ಕ. ನೆಲವನ್ನು ಹಿಡಿದುಕೊಳ್ಳುವ ನಾಲ್ಕು ಒಳ್ಳೆಯ ಟಯರು, ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಏರ್ ಫಿಲ್ಟರ್, ಚಕ್ರಗಳ ಅಲೈನ್‌ಮೆಂಟ್. ಅಷ್ಟಕ್ಕೆ ನನ್ನ ಉಳಿತಾಯ ಮುಗಿಯಿತು.

ಉಳಿದ ಒಂದು ಕೆಲಸಕ್ಕೆ ಖರ್ಚೇ ಇರಲಿಲ್ಲ. ಕಾರಿನ ಭಾರ ಇಳಿಸುವುದು. ಡಿಕ್ಕಿಯಲ್ಲಿದ್ದ ತೆಂಗಿನಕಾಯಿ, ಇಗರ್ಜಿಯ ಯುವಕ ಸಂಘದ ಬ್ಯಾನರು, ಮಡಚುವ ಕುರ್ಚಿ, ಒಂದು ಗೋಣಿ ಕೋಳಿಗೊಬ್ಬರ, ಎಲ್ಲವನ್ನೂ ಇಳಿಸಿದೆ. ಗಾಜು ತೊಳೆಯುವ ನೀರಿನ ಟ್ಯಾಂಕನ್ನೂ ಬರಿದು ಮಾಡಿದೆ. ಅದನ್ನು ನೋಡಿ ಡೀನ್, "ಇನ್ನು ನೀನೂ ಎರಡು ದಿನ ಊಟ ಬಿಡು ಮಾರಾಯ್ತಿ" ಎಂದ. "ನಿನ್ನ ರೆಕ್ಕೆಯ ಭಾರ ಎಷ್ಟು, ಹೇಳು" ಎಂದೆ.

ಆದರೆ ನಾನು ಗೆಲ್ಲಬೇಕಿದ್ದದ್ದು ಡೀನ್ ಒಬ್ಬನನ್ನಲ್ಲ. ಮಮ್ಮಿಗೆ ಈ ಓಟವೇ ಇಷ್ಟವಿರಲಿಲ್ಲ. ಡ್ಯಾಡಿ ಶಾರ್ಜಾದಿಂದ ಫೋನಿನಲ್ಲಿ ಬೇಡಿಕೊಂಡ ಮೇಲೆ ಒಪ್ಪಿದ್ದರು, ಅದೂ ಕಡ್ಡಿ ಮುರಿದ ಹಾಗೆ ಒಂದು ಮಾತು ಹೇಳಿ.

"ಇದೊಂದೇ ಸಲ, ಮಗಳೇ. ಗೆದ್ದರೂ ಇಷ್ಟೇ, ಸೋತರೂ ಇಷ್ಟೇ. ಆಮೇಲೆ ಕಾರು ಕೆಲಸಕ್ಕೆ ಹೋಗಿ ಬರಲಿಕ್ಕೆ ಮಾತ್ರ."

ನನ್ನ ಮಮ್ಮಿ ಆನ್ಸಿಲ್ಲಾ ಬಾಯಿ ಒಂದು ಮಾತು ಹೇಳಿದರೆ ಇನ್ನಂಜೆಯಲ್ಲಿ ಅದಕ್ಕೆ ಅಪೀಲಿಲ್ಲ. ಯೋಗೀಶಣ್ಣ ಸೀಟು ಕೊಟ್ಟರೂ ಮಮ್ಮಿಯ ಮನಸ್ಸು ನೋಯಿಸಿ ಅದರಲ್ಲಿ ಕೂರುವ ಎದೆ ನನಗಿರಲಿಲ್ಲ. ಮೊದಲು ಗೆಲ್ಲುವಾ, ಉಳಿದದ್ದು ಆಮೇಲೆ ಎಂದುಕೊಂಡು ಹೊರಟೆ. ಮಮ್ಮಿಯೂ ಜೊತೆಗೆ ಬಂದರು. ಶಿರ್ವ, ಬೆಳ್ಮಣ್ ದಾಟುವವರೆಗೂ ಪಕ್ಕದಲ್ಲಿ ಕೂತು ತಮ್ಮ ಜಪಸರ ಎಣಿಸಿದರು. ಅತ್ತೂರಿನ ಇಗರ್ಜಿಯ ಹತ್ತಿರ ಕಾರು ನಿಲ್ಲಿಸಲು ಹೇಳಿ ಒಳಗೆ ಹೋಗಿ ಬಂದರು. ಕೈಯಲ್ಲಿ ಡ್ಯಾಡಿ ಕಳಿಸಿದ ಸ್ಟೀಲ್ ಬಾಟಲಿ ಇತ್ತು. ಕುಡಿಯುವ ನೀರು ಇರಬೇಕು ಎಂದು ನಾನು ಕೇಳಲೂ ಇಲ್ಲ.

ಓಟದ ಜಾಗ ಕಾರ್ಕಳದ ಹೊರಗೆ, ಕೆಲಸ ನಿಲ್ಲಿಸಿದ ಒಂದು ಕಲ್ಲುಕೋರೆಯ ಬಯಲು. ಅರ್ಧ ಡಾಂಬರು, ಅರ್ಧ ಜಲ್ಲಿಹುಡಿ. ಬಯಲಿನಲ್ಲಿ ಕೋನುಗಳನ್ನಿಟ್ಟು ತಿರುವು ಮುರುವಿನ ದಾರಿ ಮಾಡಿದ್ದರು. ಒಬ್ಬೊಬ್ಬರೇ ಓಡಿಸಬೇಕು. ಕೊನೆಯಲ್ಲಿ ಬಿಳಿ ಗೆರೆಯ ಒಂದು ಚೌಕ. ನಾಲ್ಕು ಚಕ್ರವೂ ಅದರೊಳಗೆ ನಿಂತರೆ ಮಾತ್ರ ಆ ಓಟ ಲೆಕ್ಕಕ್ಕೆ. ಎರಡು ಸಲ ಓಡಿಸಬಹುದು, ಅದರಲ್ಲಿ ಚೆನ್ನಾಗಿ ಬಂದದ್ದನ್ನು ಹಿಡಿಯುತ್ತಾರೆ.

ಕಾರುಗಳ ತಪಾಸಣೆ ಯೋಗೀಶಣ್ಣನದು. ನನ್ನ ಟಯರುಗಳನ್ನು ಮುಟ್ಟಿ ನೋಡಿ ತಲೆಯಾಡಿಸಿದರು. ಆಮೇಲೆ ಕನ್ನಡಿಯಿಂದ ತೂಗುತ್ತಿದ್ದ ಜಪಸರಕ್ಕೆ ಕೈ ತೋರಿಸಿದರು.

"ಅದನ್ನು ತೆಗಿ ಲೊರ್ನಾ. ತೂಗುವುದು, ಉರುಳುವುದು ಎಂತದೂ ಒಳಗೆ ಇರಬಾರದು."

ಕಾರು ತಂದ ದಿನ ಪಾದ್ರಿಗಳು ಆಶೀರ್ವದಿಸಿ ಕಟ್ಟಿದ್ದ ಸರ ಅದು. ಬಿಚ್ಚಿ ಮಮ್ಮಿಯ ಕೈಯಲ್ಲಿಟ್ಟೆ. ಮಮ್ಮಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನ ಹತ್ತಿರವೇ ನಿಂತರು. ನಾನು ಸಹಿ ಹಾಕಿ ಹೆಲ್ಮೆಟ್ ತರಲು ಹೋದೆ.

ನನಗಿಂತ ಮೊದಲು ಡೀನ್ ಓಡಿಸಿದ. ಕೋರೆಯ ಗೋಡೆಗಳಿಗೆಲ್ಲ ಅವನ ಸೈಲೆನ್ಸರ್ ಕೇಳಿಸಿತು. ತಿರುವುಗಳಲ್ಲಿ ಕಾರು ಅಗಲಕ್ಕೆ ಹೋದರೂ ನೇರದಲ್ಲಿ ಬಿಟ್ಟ ಬಾಣ. ಅದುವರೆಗಿನ ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಮುಗಿಸಿದ. ಇಳಿದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ನನ್ನ ಸರದಿ. ಮೊದಲ ತಿರುವಿನಲ್ಲೇ ಗೊತ್ತಾಯಿತು, ಟಯರುಗಳು ನೆಲ ಬಿಡುವುದಿಲ್ಲ. ಡೀನ್ ಜಾರಿದ ಕಡೆಗಳಲ್ಲಿ ನನ್ನ ಕಾರು ಅಂಟಿಕೊಂಡು ತಿರುಗಿತು. ನನಗೆ ಬಾಯಿ ತುಂಬ ನಗು. ಕೊನೆಯ ತಿರುವು ದಾಟಿ ಚೌಕ ಕಂಡಿತು, ಬ್ರೇಕ್ ಒತ್ತಿದೆ.

ಪೆಡಲ್ ಕೆಳಗೆ ಹೋಗಲಿಲ್ಲ. ಅಡಿಯಲ್ಲಿ ಗಟ್ಟಿಯಾದದ್ದೇನೋ ತಡೆಯಿತು. ಚೌಕವೂ ಕೋನುಗಳೂ ಹಿಂದೆ ಹೋದವು, ಮುಂದೆ ಜಲ್ಲಿಯ ರಾಶಿ. ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಅಡ್ಡ ತಿರುಗಿ, ರಾಶಿಗೆ ಮೂತಿ ತಾಗಿಸದೆ ಹೇಗೋ ನಿಂತಿತು. ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ?

ಎಲ್ಲರೂ ಓಡಿ ಬಂದರು. "ಹೇಳಿದ್ದೆ ಅಲ್ವಾ, ಕಡಿಮೆ ರೇಟಿನ ಪ್ಯಾಡ್ ಹಾಕಬೇಡ ಅಂತ" ಎಂದ ಡೀನ್. ಅವನು ಹಾಗೆ ಹೇಳಿರಲೇ ಇಲ್ಲ. ಯೋಗೀಶಣ್ಣನ ಮುಖ ಮಾತ್ರ ಗಂಭೀರವಾಗಿತ್ತು.

"ಬ್ರೇಕ್ ಫೇಲ್ ಆದ ಗಾಡಿಯನ್ನು ಎರಡನೇ ಸಲ ಬಿಡಲಿಕ್ಕೆ ಆಗುವುದಿಲ್ಲ."

"ನನ್ನ ಬ್ರೇಕ್ ಫೇಲ್ ಆಗಲಿಲ್ಲ ಯೋಗೀಶಣ್ಣ. ಪೆಡಲಿನ ಅಡಿಯಲ್ಲಿ ಎಂತದೋ ಉಂಟು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಿಂದಿನಿಂದ ಯಾರೋ ಹೇಳಿದ್ದು ಕೇಳಿಸಿತು. ಬಗ್ಗಿ ಕೈ ಹಾಕಿದೆ. ಕರ್ಚೀಫಿನಲ್ಲಿ ಸುತ್ತಿದ, ಹೊಟ್ಟೆ ನೆಗ್ಗಿದ ಸ್ಟೀಲ್ ಬಾಟಲಿ ಸಿಕ್ಕಿತು.

ಮಮ್ಮಿ ಜನರ ನಡುವಿನಿಂದ ಮುಂದೆ ಬಂದು ನಿಂತರು. "ಅದು ನಾನಿಟ್ಟದ್ದು. ಅತ್ತೂರಿನ ಪವಿತ್ರ ಜಲ. ಸೀಟಿನ ಅಡಿಯಲ್ಲಿ ಇಟ್ಟಿದ್ದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರೆಲ್ಲ ನೋಡುತ್ತಿದೆ ಎಂಬುದನ್ನೂ ಮರೆತು ಕೊಂಕಣಿಯಲ್ಲೇ ಕೂಗಿದೆ. "ಮಮ್ಮಿ, ನಾನು ಸಾಯುತ್ತಿದ್ದೆ, ಗೊತ್ತುಂಟಾ?"

"ಸರ ಬಿಚ್ಚಿ ನನ್ನ ಕೈಗೆ ಕೊಟ್ಟೆಯಲ್ಲ" ಎಂದರು ಮಮ್ಮಿ. ಧ್ವನಿ ಸಣ್ಣದಾಗಿತ್ತು. "ನಿನ್ನನ್ನು ಬರಿದೇ ಹೇಗೆ ಕಳಿಸುವುದು?"

ಮಮ್ಮಿಯ ಧ್ವನಿ ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದ ಅರ್ಧವನ್ನು ಯೋಗೀಶಣ್ಣ ಇಳಿಸಿದರು.

"ಡಿಕ್ಕಿಯನ್ನು ಅಷ್ಟು ಗುಡಿಸಿದ್ದೀಯ, ಕೂರುವ ಸೀಟಿನ ಅಡಿ ನೋಡಲಿಲ್ಲವಾ? ಓಡಿಸುವವಳು ನೀನು. ನೋಡಬೇಕಾದವಳೂ ನೀನೇ."

ಅವರು ಕಾರಿನಲ್ಲಿ ಕೂತು ಬಯಲಿನ ಅಂಚಿನಲ್ಲಿ ಓಡಿಸಿ ಬ್ರೇಕ್ ಹಾಕಿ ನೋಡಿದರು, ಇನ್ನೊಮ್ಮೆ ಹಾಕಿದರು. ಇಳಿದು ಬಂದು, "ಪ್ಯಾಡ್ ಒಳ್ಳೆಯದುಂಟು. ಎರಡನೇದು ಓಡಿಸು. ಬಾಟಲಿ ಮಾತ್ರ ಹೊರಗೆ" ಎಂದರು.

ಮಮ್ಮಿ ಬಾಟಲಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. ಅವರನ್ನು ಹಾಗೆ ಬಿಟ್ಟು ಹೋಗಲು ನನ್ನಿಂದ ಆಗಲಿಲ್ಲ. ಬಾನೆಟ್ ಎತ್ತಿದೆ. ಮೂಲೆಯಲ್ಲಿ ನಾನೇ ಬರಿದು ಮಾಡಿದ್ದ, ಗಾಜು ತೊಳೆಯುವ ನೀರಿನ ಟ್ಯಾಂಕ್ ಇತ್ತು. ಮುಚ್ಚಳ ತೆಗೆದೆ.

"ಇದಕ್ಕೆ ಹಾಕಿ ಮಮ್ಮಿ. ಇಲ್ಲಿಂದ ಉರುಳುವುದಿಲ್ಲ."

ಮಮ್ಮಿ ಟ್ಯಾಂಕನ್ನು ನೋಡಿದರು, ನನ್ನನ್ನು ನೋಡಿದರು. "ಇದರಲ್ಲಿ ಎಂತ ಮಾಡುತ್ತದೆ ನೀರು?"

"ಗಾಜಿನ ಮೇಲೆ ಚಿಮುಕಿಸುತ್ತದೆ."

ಟ್ಯಾಂಕಿನ ಬಾಯಿಗೆ ಬಗ್ಗಿ ನೋಡಿದರು. "ಚಿಮುಕಿಸಲಿಕ್ಕೇ ಇರುವ ನೀರು ಅಲ್ವಾ" ಎಂದು ಶಿಲುಬೆಯ ಗುರುತು ಹಾಕಿಕೊಂಡು, ತುಂಬ ಜಾಗ್ರತೆಯಿಂದ ಸುರಿದರು. ಮುಕ್ಕಾಲು ಸುರಿದು, ಉಳಿದದ್ದನ್ನು ಬಾಟಲಿಯಲ್ಲೇ ಇಟ್ಟು ಮುಚ್ಚಳ ತಿರುಗಿಸಿದರು. ಯೋಗೀಶಣ್ಣ ತಾವೇ ಬಾನೆಟ್ ಮುಚ್ಚಿ, ಅದನ್ನು ಮುಟ್ಟಿ ಹಣೆಗೊತ್ತಿಕೊಂಡರು. ಡೀನ್, "ಈಗ ಭಾರ ಹೆಚ್ಚಾಯಿತು" ಎಂದ. ನಾನು ಸೀಟಿನ ಅಡಿ ನೋಡುತ್ತಿದ್ದೆ.

ಎರಡನೇ ಓಟದಲ್ಲೂ ಡೀನ್ ನನ್ನ ಮುಂದೆ ಹೋದ. ಸಮಯ ಇನ್ನಷ್ಟು ಸುಧಾರಿಸಿದ. ಅವನ ಚಕ್ರಗಳು ಕೆದರಿದ ಜಲ್ಲಿಹುಡಿ ಗಾಳಿಯಲ್ಲಿ ನಿಂತೇ ಇತ್ತು, ನನಗೆ ಬಾವುಟ ಬೀಸಿದರು. ಸಂಜೆಯ ಬಿಸಿಲು ಎದುರಿಗೆ. ಅರ್ಧ ದಾರಿಯಲ್ಲೇ ಗಾಜಿನ ಮೇಲೆ ಬೂದಿ ಬಳಿದ ಹಾಗಾಯಿತು. ಕೋನುಗಳ ಸುತ್ತ ಅಂದಾಜಿನಲ್ಲೇ ಕಾರು ತಿರುಗಿಸಿದೆ. ಕೊನೆಯ ತಿರುವು ದಾಟಿದಾಗ ಎದುರಿಗೆ ಬಿಳಿ ಗಾಜು ಬಿಟ್ಟರೆ ಬೇರೇನೂ ಇಲ್ಲ. ಚೌಕ ಎಲ್ಲಿದೆಯೋ ಗೊತ್ತಾಗಲಿಲ್ಲ.

ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದೆ. ನೀರು ಚಿಮ್ಮಿತು, ವೈಪರ್ ಒಮ್ಮೆ ಆ ಕಡೆ ಈ ಕಡೆ ಹೋಯಿತು, ಚೌಕ ಕಣ್ಣ ಮುಂದೆ ಬಂತು. ಬ್ರೇಕ್ ಒತ್ತಿದೆ. ಈ ಸಲ ಪೆಡಲ್ ಕೆಳಗೆ ಹೋಯಿತು, ಟಯರು ನೆಲ ಹಿಡಿಯಿತು, ಕಾರು ನಾಲ್ಕು ಚಕ್ರವನ್ನೂ ಗೆರೆಯ ಒಳಗಿಟ್ಟು ನಿಂತಿತು.

ಅರ್ಧ ಸೆಕೆಂಡ್ ಅಂತರದಲ್ಲಿ ಗೆದ್ದೆ. ಡೀನ್ ಬಂದು ಕೈ ಕೊಟ್ಟು, "ಆ ಪ್ಯಾಡ್ ಎಲ್ಲಿ ಸಿಗುತ್ತದೆ?" ಎಂದು ಮೆಲ್ಲಗೆ ಕೇಳಿದ. ಯೋಗೀಶಣ್ಣ, "ಬರುವ ಆದಿತ್ಯವಾರ ಸಂತೆಕಟ್ಟೆಗೆ ಬಾ, ಸೀಟಿನ ಅಳತೆ ನೋಡುವಾ" ಎಂದರು.

ಇದೊಂದೇ ಸಲ ಎಂಬ ಮಾತು ನೆನಪಾಯಿತು. ಮಮ್ಮಿಯನ್ನು ಕೇಳದೆ ಹ್ಞೂಂ ಅನ್ನುವ ಹಾಗಿರಲಿಲ್ಲ, ಕೇಳಲು ಧೈರ್ಯವಿರಲಿಲ್ಲ. ಹುಡುಕಿದರೆ ಮಮ್ಮಿ ಜನರ ನಡುವೆ ಇಲ್ಲ.

ಆಚೆ ಮರದ ನೆರಳಿನಲ್ಲಿ ಯೋಗೀಶಣ್ಣನ ರ್‍ಯಾಲಿ ಕಾರು ನಿಂತಿತ್ತು. ಮಮ್ಮಿ ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಗ್ಗಿ ಡ್ರೈವರ್ ಸೀಟಿನ ಅಡಿಯನ್ನು ನೋಡಿದರು. ಆಮೇಲೆ ಬಾನೆಟ್ ಮೇಲೆ ಕೈಯಿಟ್ಟು, ನೆಗ್ಗಿದ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಮ್ಮ ಕಡೆ ತಿರುಗಿ ಕೂಗಿದರು.

"ಯೋಗೀಶಣ್ಣ, ಇದರ ನೀರಿನ ಟ್ಯಾಂಕ್ ಎಲ್ಲಿ ಉಂಟು?"