ತಲೆಯ ಎತ್ತರಕ್ಕೆ ಎಳೆದ ಗೆರೆ

ಮಹಾಂತೇಶನಿಗೆ ನೋಡಿ ಹೊಡೆಯುವ ಅಭ್ಯಾಸವಿತ್ತು. ಅದನ್ನು ಬಿಡಿಸಿದವನು ನಾನು. ಚಿಕ್ಕಣ್ಣನ ಎಡಗಣ್ಣು ಹೋದದ್ದು ಆಮೇಲೆ.

೨೦೦೪ರ ಬೇಸಿಗೆ. ಮಂಡಿ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯ ಮೇಲೆ ರುದ್ರಸ್ವಾಮಿಯ ಸೈಬರ್ ಸೆಂಟರ್ ಇತ್ತು. ಮುಂದಿನ ಕೋಣೆಯಲ್ಲಿ ಇಂಟರ್ನೆಟ್ಟು, ಬಯೋಡೇಟಾ ಟೈಪಿಂಗು. ಹಿಂದಿನ ಕೋಣೆಯಲ್ಲಿ ಹತ್ತು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಗನ್ ಆಟ. ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಪರದೆಯಲ್ಲಿ ಕಾಣುವುದು ನಮ್ಮದೇ ಕೈ, ಕೈಯಲ್ಲಿರುವ ಬಂದೂಕು, ನಟ್ಟನಡುವೆ ಹಸಿರು ಬಣ್ಣದ ಸಣ್ಣ ಪ್ಲಸ್ ಗುರುತು. ಆ ಗುರುತು ಎಲ್ಲಿದೆಯೋ ಗುಂಡು ಅಲ್ಲಿಗೆ. ಎದೆಗಾದರೆ ನಾಲ್ಕು ಗುಂಡು ಬೇಕು, ಕಾಲಿಗಾದರೆ ಆರು. ತಲೆಗೆ ಒಂದೇ.

ನಾನು ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಮಹಾಂತೇಶ ನನ್ನ ಕ್ಲಾಸಿನವನೇ. ಅವನ ಅಪ್ಪ ಸಿದ್ದಮಲ್ಲಪ್ಪನವರದ್ದು ಸೆಂಟರಿನಿಂದ ಎರಡು ಬೀದಿ ಆಚೆ ಬೆಲ್ಲದ ಮಂಡಿ. ಬೆಲ್ಲದ ಅಚ್ಚನ್ನು ಅಂಗೈ ಮೇಲಿಟ್ಟುಕೊಂಡು ತೂಕ ಹೇಳುವ ಮನೆತನ. ಆ ಕೈ ಮಗನಿಗೂ ಬಂದಿತ್ತು. ಮೌಸು ಹಿಡಿದರೆ ಮಣಿಕಟ್ಟು ಅಲುಗುತ್ತಿರಲಿಲ್ಲ. ಜೂನ್ ಕೊನೆಗೆ ಬೆಂಗಳೂರಿನಲ್ಲಿ ಒಂದು ಪಂದ್ಯ ಇತ್ತು. ನಮ್ಮ ಐದು ಜನರ ತಂಡಕ್ಕೆ ನಾನು ನಾಯಕ. ಅವನ ಕೈ ನನಗೆ ಬೇಕಿತ್ತು.

ಆದರೆ ಅವನು ಸಾಯುತ್ತಿದ್ದ. ಪ್ರತಿ ಸುತ್ತಿನಲ್ಲೂ ಅರ್ಧ ಸೆಕೆಂಡು ತಡವಾಗಿ.

"ಹಣೆ ಮೇಲೆ ಇಷ್ಟಗಲ ವಿಭೂತಿ ಬಳ್ಕೊಂಡ್ ಬಂದ್ರೆ ಇನ್ನೇನಾಗುತ್ತೆ?" ರುದ್ರಸ್ವಾಮಿ ಛೇಡಿಸುತ್ತಿದ್ದ. "ಎದುರುಗಡೆಯೋರಿಗೆ ಗುರಿ ನೀನೇ ಬರೆದು ಕೊಟ್ಟಂಗಾಯ್ತು."

"ನೀವೂ ಬಳ್ಕೊಂಡಿದ್ದೀರಲ್ಲ ಅಣ್ಣ."

"ನಾನ್ ಆಡಲ್ಲ ಕಣೋ. ಅದಕ್ಕೇ ಬದುಕಿದ್ದೀನಿ."

ನಾನು ಅವನ ಹಿಂದೆ ನಿಂತು ಎರಡು ದಿನ ನೋಡಿದೆ. ಎಲ್ಲರಂತೆ ಅವನೂ ಗುರುತನ್ನು ನೆಲದ ಮೇಲಿಟ್ಟುಕೊಂಡು ನಡೆಯುತ್ತಿದ್ದ. ಶತ್ರು ಕಂಡ ಮೇಲೆ ಮೇಲಕ್ಕೆತ್ತುತ್ತಿದ್ದ. ಎತ್ತುವಷ್ಟರಲ್ಲಿ ಮುಗಿದಿರುತ್ತಿತ್ತು.

"ಈ ಆಟದಲ್ಲಿ ಎಲ್ಲರ ಎತ್ತರಾನೂ ಒಂದೇ," ಎಂದೆ. "ಗೋಡೆ ಮೇಲೆ ಒಂದು ಗೆರೆ ಇದೆ ಅಂದ್ಕೋ. ತಲೆ ಬರೋದು ಆ ಗೆರೆ ಮೇಲೇನೇ. ಗುರುತನ್ನ ಅಲ್ಲೇ ಇಟ್ಕೊಂಡು ಓಡಾಡು. ನೀನು ತಲೆ ಹುಡುಕಬೇಡ. ತಲೇನೇ ಬಂದು ಗುರುತಿಗೆ ಬೀಳುತ್ತೆ."

ಒಂದು ವಾರದಲ್ಲಿ ಅದು ಅವನಿಗೆ ಬಂತು. ಎರಡನೆಯದು ಬರಲಿಲ್ಲ. ಮೂಲೆಯಲ್ಲಿ ಹೆಜ್ಜೆ ಸದ್ದು ಕೇಳಿದರೆ ಯಾರೆಂದು ನೋಡಲು ಕಾಯುತ್ತಿದ್ದ.

"ನಮ್ಮೋನೇ ಆಗಿದ್ರೆ?" ಎಂದ.

"ನಮ್ಮೋರಿಗೆ ಗುಂಡು ತಾಗಲ್ಲ. ರುದ್ರಣ್ಣ ಅಂಗೇ ಸೆಟ್ ಮಾಡಿದಾನೆ. ನೀನು ಸದ್ದಿಗೆ ಹೊಡಿ. ನೋಡಿ ಹೊಡೆಯೋದು ಅಂದ್ರೆ ಆಗ್ಲೇ ತಡ."

ತಲೆಯಾಡಿಸಿದ. ಮುಂದಿನ ಸುತ್ತಿನಲ್ಲೂ ಕಾದ, ಸತ್ತ.

ಏರ್‌ಗನ್ ವಿಷಯ ತೆಗೆದದ್ದು ಅವನೇ. ಮಂಡಿಯ ಹಿಂದಿನ ಗೋದಾಮಿಗೆ ಕೋತಿಗಳು ನುಗ್ಗಿ ಬೆಲ್ಲ ಹೊತ್ತುಕೊಂಡು ಹೋಗುತ್ತಿದ್ದವು. ಸಿದ್ದಮಲ್ಲಪ್ಪನವರು ಒಂದು ಏರ್‌ಗನ್ ತಂದಿಟ್ಟಿದ್ದರು. ಹೆದರಿಸಲು ಮಾತ್ರ, ತಗುಲಿಸಬೇಡಿ ಎಂದು ಕಟ್ಟಪ್ಪಣೆ. ಕೋತಿಗೆ ಹೊಡೆಯಲು ಆಳುಗಳು ಯಾರೂ ಒಪ್ಪಿರಲಿಲ್ಲ. ಬಂದೂಕು ಗೂಟಕ್ಕೆ ನೇತುಬಿದ್ದಿತ್ತು.

"ಅಲ್ಲಿ ಕಾಯೋಕೆ ಆಗಲ್ಲ," ಎಂದ ಮಹಾಂತೇಶ. "ನೋಡಿದೆ ಅನ್ನೋಷ್ಟರಲ್ಲಿ ಕೋತಿ ಹೊರಗಿರುತ್ತೆ. ಸದ್ದಿಗೇ ಹೊಡೀಬೇಕು. ಪ್ರಾಕ್ಟೀಸ್ ಆಗುತ್ತೆ."

ನನಗೆ ಸರಿ ಅನ್ನಿಸಿತು. ಇದನ್ನು ಹಾಗೆಯೇ ಬರೆಯಬೇಕು. ಬೇಡವೆಂದು ಹೇಳುವ ಯೋಚನೆಯೇ ನನಗೆ ಬರಲಿಲ್ಲ.

ಗೋದಾಮಿನ ಹಿಂಬಾಗಿಲು ಲಾರಿ ನಿಲ್ಲುವ ಓಣಿಗೆ ತೆರೆದುಕೊಳ್ಳುತ್ತಿತ್ತು. ಬಿಸಿಲಿಗೆ ಬೆಲ್ಲ ಕರಗಬಾರದೆಂದು ಬಾಗಿಲಿಗೆ ಗೋಣಿಚೀಲ ಹೊಲಿದ ಪರದೆ ಇಳಿಬಿಟ್ಟಿದ್ದರು. ಹೊರಗಿನಿಂದ ಯಾರು ಬಂದರೂ ಒಳಗಿರುವವರಿಗೆ ಮೊದಲು ಕಾಣುವುದು ಪರದೆಯ ಅಲುಗಾಟ. ಮೂಟೆ ಹೊತ್ತ ಹಮಾಲಿಗಳು "ದಾರಿ, ದಾರಿ" ಎಂದು ಕೂಗಿಕೊಂಡು ಒಳಗೆ ಬರುತ್ತಿದ್ದರು. ಮಧ್ಯಾಹ್ನ ಒಂದರಿಂದ ಎರಡು ಅವರ ಊಟದ ಹೊತ್ತು. ಆಗ ಯಾರೂ ಮೂಟೆ ಹೊರುವುದಿಲ್ಲ. ಕೋತಿಗಳಿಗೂ ಅದು ಗೊತ್ತಿತ್ತು.

ಮಹಾಂತೇಶ ಎಚ್ಚರದ ಮನುಷ್ಯ. ಮೂಟೆಗೆ ಮಾರ್ಕು ಹಾಕುವ ನೀಲಿ ಬಣ್ಣದಲ್ಲಿ ಕುಂಚ ಅದ್ದಿ, ಬಾಗಿಲ ಚೌಕಟ್ಟಿನ ಮೇಲೆ ತನ್ನ ಕಣ್ಣಿನ ಮಟ್ಟಕ್ಕೆ ಒಂದು ಗೆರೆ ಎಳೆದ. ಒಣಗುವ ಮೊದಲು ನನ್ನನ್ನೂ ನಿಲ್ಲಿಸಿ ನೋಡಿದ. ಒಂದಂಗುಲ ಹೆಚ್ಚುಕಮ್ಮಿ.

"ಮನುಷ್ಯರ ತಲೆ ಬರೋದು ಇಲ್ಲಿ," ಎಂದ. "ಕೋತಿ ಬರೋದು ಸೊಂಟದ ಕೆಳಗೆ. ನಾನು ಗೆರೆಯಿಂದ ಎರಡಡಿ ಕೆಳಗೇ ಗುರಿ ಇಟ್ಕೋತೀನಿ. ಯಾರಾದ್ರೂ ಬಂದ್ರೂ ಸೊಂಟಕ್ಕೆ ಬೀಳುತ್ತೆ, ಪಂಚೆ ಮೇಲೆ. ಚುರುಕ್ ಅನ್ನುತ್ತೆ ಅಷ್ಟೇ."

ನಾನು ಗೆರೆ ನೋಡಿದೆ, ಬಾಗಿಲು ನೋಡಿದೆ. ಲೆಕ್ಕ ಸರಿಯಾಗಿತ್ತು. ಆ ಬಾಗಿಲಲ್ಲಿ ದಿನಕ್ಕೆ ಇನ್ನೂರು ಸಲ ಹಮಾಲಿಗಳು ಓಡಾಡುವುದನ್ನು ನಾವಿಬ್ಬರೂ ನೋಡಿದ್ದೆವು. ಅವರು ಹೇಗೆ ಓಡಾಡುತ್ತಾರೆ ಎಂಬುದನ್ನು ಮಾತ್ರ ನೋಡಿರಲಿಲ್ಲ.

ಮೊದಲ ಮೂರು ದಿನ ಮಹಾಂತೇಶ ಕಾದು ಕಾದು ಕೋತಿಗಳನ್ನು ಕೈತಪ್ಪಿಸಿಕೊಂಡ. ನಾಲ್ಕನೆಯ ದಿನದಿಂದ ನಾನೂ ಜೊತೆಗೆ ಕುಳಿತೆ. ಅವನು ಮೂಟೆಯ ಮೇಲೆ ಬಂದೂಕಿನ ನಳಿಗೆ ಇಟ್ಟುಕೊಂಡು ಮಲಗುತ್ತಿದ್ದ. ನಾನು ಪಕ್ಕದಲ್ಲಿ ಕಿವಿ ಕೊಟ್ಟು, ಪರದೆ ಅಲುಗಿದೊಡನೆ "ಹೊಡಿ" ಎನ್ನುತ್ತಿದ್ದೆ. ಆರನೆಯ ದಿನ ಅವನು ನನ್ನ ಮಾತಿನ ಜೊತೆಜೊತೆಗೇ ಹೊಡೆದ. ಪರದೆಯಲ್ಲಿ ಒಂದು ತೂತು, ಆಚೆ ಕಿರುಚಿದ ಸದ್ದು. ಓಣಿಯಲ್ಲಿ ನೋಡಿದರೆ ಮೂರು ಹನಿ ರಕ್ತ. ಕೋತಿ ಇರಲಿಲ್ಲ.

ಓಣಿಯ ಜಗಲಿಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದ ಚಿಕ್ಕಣ್ಣ ಆ ಹನಿಗಳನ್ನು ನೋಡಿದ. ಐವತ್ತರ ಆಸುಪಾಸಿನ ಹಮಾಲಿ. ನಮ್ಮೂರಿನ ಪಕ್ಕದ ಊರಿನವನು. ಹಾಗಾಗಿ ನನ್ನ ಮೇಲೆ ಒಂದಿಷ್ಟು ಹಕ್ಕು.

"ಏನ್ ಸಾಗರಪ್ಪ, ಓದಕ್ಕೆ ಅಂತ ಕಳ್ಸುದ್ರೆ ಕೋತಿ ಕೊಲ್ತಾ ಕೂತಿದೀಯಲ್ಲ."

"ಕೊಲ್ಲಲ್ಲ, ಹೆದರಿಸೋದು."

"ಅದ್ಕೆ ಎದ್ರುಸ್ತೀಯೋ ಕೊಲ್ತೀಯೋ ಎಂಗ್ ಗೊತ್ತಾಯ್ತದೆ? ಬುಡು. ಮೂವತ್ತು ವರ್ಸ ಆಯ್ತು ನಾನಿಲ್ಲಿ. ಒಂದ್ ಅಚ್ಚು ಬೆಲ್ಲ ಓದ್ರೆ ಯಜಮಾನ್ರು ಬಡವರಾಗಲ್ಲ."

ಅವನ ಹೆಗಲ ಮೇಲೆ ಕಬ್ಬಿಣದ ಕೊಕ್ಕೆ ನೇತಾಡುತ್ತಿತ್ತು. ಹಮಾಲಿಗಳು ಮೂಟೆಗೆ ಚುಚ್ಚಿ ಎಳೆದು ಬೆನ್ನಿಗೆ ಹಾಕಿಕೊಳ್ಳುವುದು ಅದರಲ್ಲೇ. ಹೊತ್ತಾಗ ಅದರ ಮೊನೆ ಮುಖದ ಪಕ್ಕದಲ್ಲೇ ಇರುತ್ತದೆ. ಜಾರಿದರೆ ಕೆನ್ನೆ ಸೀಳುತ್ತದೆ. ಇಡೀ ಮಂಡಿಯಲ್ಲಿ ಕೆನ್ನೆಯ ಮೇಲೆ ಗಾಯದ ಗುರುತಿಲ್ಲದ ಹಮಾಲಿ ಅವನೊಬ್ಬನೇ.

ಅದರ ಮಾರನೆಯ ದಿನ ಒಂದು ಗಂಟೆಗೆ ಹಮಾಲಿಗಳು ಕೆಲಸ ನಿಲ್ಲಿಸಿದರು. ಲಾರಿಯಲ್ಲಿ ಒಂದೇ ಒಂದು ಮೂಟೆ ಉಳಿದಿತ್ತು. ಡ್ರೈವರಿಗೆ ಹೊರಡುವ ಅವಸರ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಉಳಿದವರು ಊಟಕ್ಕೆ ಕುಳಿತರು. ಚಿಕ್ಕಣ್ಣ, ಒಂದೇ ತಾನೇ ಎಂದುಕೊಂಡು ಎತ್ತಿಕೊಂಡ. ಊಟದ ಹೊತ್ತಿನಲ್ಲಿ ಗೋದಾಮಿನೊಳಗೆ ಅಡ್ಡ ಬರುವವರು ಯಾರೂ ಇರುವುದಿಲ್ಲ. ಅದಕ್ಕೇ ಅವನು ಕೂಗಲಿಲ್ಲ.

ಒಳಗೆ ಕತ್ತಲು. ಬೆಲ್ಲದ ಹುಳಿ ವಾಸನೆ, ನೊಣ. ಮಹಾಂತೇಶನ ಕೆನ್ನೆ ಬಂದೂಕಿನ ಹಿಡಿಗೆ ಅಂಟಿಕೊಂಡಿತ್ತು. ನಳಿಗೆ ಗೆರೆಯಿಂದ ಎರಡಡಿ ಕೆಳಕ್ಕೆ ನೆಟ್ಟಿತ್ತು.

ಬರಿಗಾಲಿನ ಸದ್ದು. ಪರದೆ ಅಲುಗಿತು.

"ಹೊಡಿ," ಎಂದೆ.

ಮಹಾಂತೇಶ ಕಾದ. ಅರ್ಧ ಸೆಕೆಂಡು.

"ಹೊಡಿಯೋ."

ಹೊಡೆದ. ಹೆಜ್ಜೆ ತುಂಬ ಭಾರವಾಗಿತ್ತು ಎಂದು ನನಗೆ ಅನ್ನಿಸಿದ್ದು ಎರಡನೆಯ ಸಲ ಹೇಳಿದ ಮೇಲೆ.

ಮೂಟೆ ಬಿದ್ದ ಸದ್ದು ಮೊದಲು. ಪರದೆ ಹರಿದುಕೊಂಡು ಚಿಕ್ಕಣ್ಣ ಮೊಣಕಾಲೂರಿ ಒಳಗೆ ಬಂದ. ಎಡಗೈಯಿಂದ ಕಣ್ಣು ಮುಚ್ಚಿಕೊಂಡಿದ್ದ. ಬಲಗೈಯಲ್ಲಿ ಇನ್ನೂ ಕೊಕ್ಕೆ. ಎಂಬತ್ತು ಕೆ.ಜಿ. ಹೊತ್ತವನು ನೆಟ್ಟಗೆ ನಡೆಯುವುದಿಲ್ಲ. ಬೆನ್ನು ನೆಲಕ್ಕೆ ಸಮವಾಗಿ ಬಾಗಿರುತ್ತದೆ, ತಲೆ ಸೊಂಟದ ಮಟ್ಟಕ್ಕಿರುತ್ತದೆ. ಗೆರೆಯಿಂದ ಎರಡಡಿ ಕೆಳಗೆ.

"ಕೊಕ್ಕೆ ಜಾರ್ತು," ಎಂದ ಚಿಕ್ಕಣ್ಣ. ಕೂಗಲಿಲ್ಲ. "ಕೊಕ್ಕೆ ಜಾರ್ತು ಕಣಪ್ಪ. ಯಜಮಾನ್ರನ್ನ ಕರೀರಿ."

ಮಹಾಂತೇಶ ಬಂದೂಕನ್ನು ಮೂಟೆಗಳ ಸಂದಿಗೆ ತಳ್ಳಿದ. ನಾನು ಓಡಿದೆ.

ಲಷ್ಕರ್ ಮೊಹಲ್ಲಾದ ಒಂದು ನರ್ಸಿಂಗ್ ಹೋಮಿನಲ್ಲಿ ಕಣ್ಣಿನ ಡಾಕ್ಟರು ಇದ್ದರು. ಆಟೋದಲ್ಲಿ ಸಿದ್ದಮಲ್ಲಪ್ಪನವರು ಚಿಕ್ಕಣ್ಣನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದರು. ನಾವಿಬ್ಬರೂ ಸೈಕಲ್ಲಿನಲ್ಲಿ ಹಿಂದೆ ಹೋದೆವು. ಇರ್ವಿನ್ ರಸ್ತೆ ದಾಟುವಾಗ ಎದುರಿಗೆ ಬರುವವರ ತಲೆಗಳೆಲ್ಲ ಒಂದೇ ಗೆರೆಯ ಮೇಲೆ ಸಾಗುತ್ತಿರುವಂತೆ ಕಂಡವು. ನನ್ನ ಕಣ್ಣು ತಾನಾಗಿ ಒಂದೊಂದರ ಮೇಲೂ ನಿಂತು ಮುಂದೆ ಹೋಗುತ್ತಿತ್ತು. ತಿಂಗಳುಗಳಿಂದ ಹಾಗೆಯೇ ಇತ್ತು. ಅಂದು ಗಮನಿಸಿದೆ.

ಡಾಕ್ಟರು ಟಾರ್ಚು ಹಿಡಿದು ಬಹಳ ಹೊತ್ತು ನೋಡಿದರು.

"ಏನ್ ತಾಗಿದ್ದು?"

"ಕೊಕ್ಕೆ ಸಾಮಿ," ಎಂದ ಚಿಕ್ಕಣ್ಣ, ಮಲಗಿದಲ್ಲಿಂದ.

"ಕೊಕ್ಕೆ ತಾಗಿದ್ರೆ ರೆಪ್ಪೆ ಹರೀಬೇಕಿತ್ತು. ಇದು ಸಣ್ಣ ತೂತು." ಡಾಕ್ಟರು ನಮ್ಮ ಮೂವರ ಕಡೆ ತಿರುಗಿದರು. "ಕೊಕ್ಕೆ ಅಂತಾದ್ರೆ ಈಗ ಹೊಲಿಗೆ ಹಾಕಿ ಕಟ್ಟಿಬಿಡ್ತೀನಿ. ಬೇರೆ ಏನಾದ್ರೂ ಆಗಿ, ಒಳಗೆ ಉಳಿದಿದ್ರೆ ಈಗ್ಲೇ ಹೇಳಿ. ಆ ಕಣ್ಣಂತೂ ಕಷ್ಟ. ಒಳಗಡೆ ಬಿಟ್ಟು ಕಟ್ಟಿದ್ರೆ ಇನ್ನೊಂದೂ ಹೋಗಬಹುದು. ಯಾರು ನೋಡಿದ್ರಿ?"

ಸಿದ್ದಮಲ್ಲಪ್ಪನವರು ನಮ್ಮ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಕಣ್ಣು ಪರೀಕ್ಷೆಯ ಅಕ್ಷರಗಳನ್ನು ನೋಡಿದೆ. ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಹೇಳಬೇಕೆಂದು ಗೊತ್ತಿತ್ತು. ಯಾರಾದರೂ ಮೊದಲು ಮಾತಾಡಲಿ ಎಂದು ಕಾದೆ.

"ಪೆಲೆಟ್ ಸಾರ್," ಎಂದ ಮಹಾಂತೇಶ. "ಏರ್‌ಗನ್ನು. ನಾನು ಹೊಡೆದಿದ್ದು."

ಡಾಕ್ಟರು ಮತ್ತೇನೂ ಕೇಳದೆ ಎಕ್ಸ್‌ರೇಗೆ ಬರೆದರು. ಸಿದ್ದಮಲ್ಲಪ್ಪನವರು ಮಗನಿಗೆ ಹೊಡೆಯಲಿಲ್ಲ. ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಜೊತೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ ಅಪ್ಪಾಜಿ. ಸಾಗರ್ ಆಮೇಲೆ ಬಂದಿದ್ದು."

ಮಂಚದ ಮೇಲಿಂದ ಚಿಕ್ಕಣ್ಣನ ಉಸಿರು ಕೇಳಿಸಿತು. ನಗುವಿನಂಥದ್ದೇನೋ.

"ಸದ್ಯ," ಎಂದ. "ನನ್ ಕೊಕ್ಕೆ ಜಾರಿಲ್ಲ."

ಪೆಲೆಟ್ ತೆಗೆದರು. ಬಲಗಣ್ಣು ಉಳಿಯಿತು. ಮಹಾಂತೇಶನನ್ನು ಅವನ ಅಪ್ಪ ಮತ್ತೆ ಸೆಂಟರಿನ ಮೆಟ್ಟಿಲು ಹತ್ತಗೊಡಲಿಲ್ಲ. ಅವನೂ ಹತ್ತಲು ಕೇಳಲಿಲ್ಲ. ಜೂನಿನಲ್ಲಿ ನಾವು ಬೇರೊಬ್ಬನನ್ನು ಹಾಕಿಕೊಂಡು ಬೆಂಗಳೂರಿಗೆ ಹೋದೆವು, ಎರಡನೆಯ ಸುತ್ತಿನಲ್ಲಿ ಸೋತೆವು. ನಾನು ಚೆನ್ನಾಗಿ ಆಡಿದೆ. ಹನ್ನೊಂದು ತಲೆ.

ಜುಲೈನಲ್ಲಿ ಕಾಲೇಜು ಶುರುವಾದ ಮೇಲೆ ಮಹಾಂತೇಶನ ನೋಟ್ಸ್ ವಾಪಸು ಕೊಡಲು ಮಂಡಿಗೆ ಹೋದೆ. ಅವನಿರಲಿಲ್ಲ. ಗೋದಾಮಿನಲ್ಲಿ ಇಡೋಣವೆಂದು ಹಿಂದಕ್ಕೆ ನಡೆದೆ. ಪರದೆ ತೆಗೆದುಹಾಕಿದ್ದರು. ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಚಿಕ್ಕಣ್ಣ ಬೀಡಿ ಸೇದುತ್ತಿದ್ದ. ಎಡಗಣ್ಣಿನ ಜಾಗದಲ್ಲಿ ರೆಪ್ಪೆ ಒಳಕ್ಕೆ ಕುಸಿದಿತ್ತು. ನೀಲಿ ಗೆರೆ ಹಾಗೆಯೇ ಇತ್ತು. ನೆಟ್ಟಗೆ ನಿಂತವನ ಎರಡು ಕಣ್ಣುಗಳ ಮಟ್ಟಕ್ಕೆ ಸರಿಯಾಗಿ.

"ಸಾಗರಪ್ಪ, ಈ ಗೆರೆ ಯಾಕ್ ಎಳ್ದವ್ರೆ ಗೊತ್ತಾ?"

"ಎತ್ತರ ನೋಡೋಕೆ."

"ಯಾರ್ ಎತ್ರ?"

"ಎಲ್ಲರದ್ದೂ."

"ಎಲ್ಲಾರ್ದೂ ಒಂದೇನಾ?" ಬೀಡಿ ಆರಿಸಿ ಕಿವಿಯ ಹಿಂದೆ ಸಿಕ್ಕಿಸಿಕೊಂಡ. "ಇನ್ನೊಂದ್ ಮಾತು. ಆವತ್ತು ಪರದೆ ತಾವ ಬಂದಾಗ ಒಳಗಡೆ ಯಾರೋ 'ಹೊಡಿ' ಅಂದಂಗಾಯ್ತು. ಎಲ್ಡ್ ಸಲ. ಮಾಂತೇಸಪ್ಪ ಒಬ್ರೇ ಇದ್ರಂತೆ. ಒಬ್ರೇ ಇದ್ದೋರು ಯಾರ್ಗ್ ಏಳ್ತಾರೆ?"

ಓಣಿಯಲ್ಲಿ ಲಾರಿಯವನು ಹಾರನ್ ಒತ್ತಿದ. ಚಿಕ್ಕಣ್ಣ ಹೋಗಿ, ಕೊಕ್ಕೆ ಚುಚ್ಚಿ, ಮೂಟೆಯನ್ನು ಬೆನ್ನಿಗೆಳೆದುಕೊಂಡು ಬಾಗಿದ. "ದಾರಿ, ದಾರಿ," ಎಂದು ಕೂಗಿಕೊಂಡು ಬಾಗಿಲೊಳಗೆ ಬಂದ. ದಾರಿಯಲ್ಲಿದ್ದವನು ನಾನೊಬ್ಬನೇ. ಸರಿದು ನಿಂತೆ. ಸರಿದದ್ದು ಅವನ ಎಡಕ್ಕೆ.

ನನ್ನ ಪಕ್ಕಕ್ಕೆ ಬಂದವನು ನಿಂತ. ತಲೆ ನನ್ನ ಸೊಂಟದ ಮಟ್ಟದಲ್ಲಿತ್ತು. ಕುಸಿದ ರೆಪ್ಪೆ ನನ್ನ ಕಡೆಗಿತ್ತು.

"ಇದೀಯಾ, ಒಂಟೋದ್ಯಾ?" ಎಂದ.

ಉಸಿರು ಬಿಗಿಹಿಡಿದೆ. ಎಂಬತ್ತು ಕೆ.ಜಿ. ಹೊತ್ತುಕೊಂಡು ಅವನು ಅಲ್ಲೇ ನಿಂತಿದ್ದ, ನನ್ನ ಸದ್ದಿಗೆ ಕಿವಿಗೊಟ್ಟು.