ಮಂಜಿನಲ್ಲಿ ಮಿಸೆಸ್ ಟಪ್ಲಿನ್

ಆಗ ನಾನು ರೇಡಿಯೋದಲ್ಲಿ ಬಾಗಿಲು ಬಡಿಯುವ ಕೆಲಸದಲ್ಲಿದ್ದೆ. ಬಾಗಿಲು ಬಡಿಯುವುದು, ಕಪ್-ಸಾಸರು ಕುಲುಕುವುದು, ಜಲ್ಲಿ ತುಂಬಿದ ತಟ್ಟೆಯ ಮೇಲೆ ನಿಂತಲ್ಲೇ ನಡೆಯುವುದು, ಇವೇ ನನ್ನ ಪಾತ್ರಗಳು. ವೇದಿಕೆಯ ಮೂಲೆಯಲ್ಲಿ ಗೋಡೆಯೇ ಇಲ್ಲದ ಬಾಗಿಲೊಂದು ನಿಂತಿರುತ್ತಿತ್ತು. ಚಿಲಕ, ಬೀಗ, ಗಂಟೆ ಎಲ್ಲಾ ಅದಕ್ಕೆ ಇದ್ದವು. ನನ್ನಮ್ಮ ಪಕ್ಕದ ಮನೆಯವರಿಗೆಲ್ಲ, "ಕೇಳಿದ್ರಾ, ಈಗ ಬಾಗಿಲು ಹಾಕಿದ್ದು ನಮ್ಮ ಎನಿಡ್" ಎಂದು ಹೇಳಿಕೊಂಡು ಓಡಾಡುತ್ತಿದ್ದಳು.

ನಮ್ಮ ನಾಟಕದ ಹೆಸರು 'ಕಡಲು ಕಾಣುವ ಮನೆ'. ಸಮುದ್ರದ ದಂಡೆಯ ಊರೊಂದರಲ್ಲಿ ಬಾಡಿಗೆಗೆ ಕೋಣೆ ಕೊಡುವ ಮನೆ ಅದು. ಹೆಸರಿಗಷ್ಟೇ ಕಡಲು, ಕಾಣಬೇಕಾದರೆ ಬಚ್ಚಲ ಕಿಟಕಿಯಿಂದ ಕತ್ತು ಆಚೆ ಚಾಚಬೇಕು. ಮನೆಯೊಡತಿ ಮಿಸೆಸ್ ಟಪ್ಲಿನ್ ಬಾಯಿ ತೆರೆದರೆ ಬೈಗುಳ. ಕೋಣೆಯಲ್ಲಿ ಕದ್ದು ಮೀನು ಹುರಿಯುವ ಬಾಡಿಗೆದಾರ ಮಿಸ್ಟರ್ ಪಿಮ್. ಭಾನುವಾರ ಸಂಜೆ ಇವರಿಬ್ಬರ ಜಗಳ ಕೇಳಲು ದೇಶದ ಅರ್ಧ ಜನ ರೇಡಿಯೋ ಮುಂದೆ ಕೂರುತ್ತಿದ್ದರು. ಹಳೆಯ ಥಿಯೇಟರೊಂದರಲ್ಲಿ ಜನರ ಎದುರೇ ಆಡುತ್ತಿದ್ದೆವು, ಅವರ ನಗುವೂ ಸೇರಿ ನೇರವಾಗಿ ಪ್ರಸಾರವಾಗುತ್ತಿತ್ತು.

ಪಿಮ್ ಪಾತ್ರ ಮಾಡುತ್ತಿದ್ದವನು ವಿಲ್ಫ್ ಸಗ್ಡನ್. ಯಾರ್ಕ್‌ಷೈರ್‌ನವನು, ಗುಂಡಗಿನ ಆಳು, ನಾಟಕ ಬರೆಯುತ್ತಿದ್ದವನೂ ಅವನೇ. ಟಪ್ಲಿನ್ ಆಗುತ್ತಿದ್ದವರು ಮಿಸ್ ಆನರ್ ವೀಸಿ. ಯುದ್ಧಕ್ಕೆ ಮೊದಲು ರಂಗಭೂಮಿಯಲ್ಲಿ ರಾಣಿಯರ ಪಾತ್ರಕ್ಕೆ ಹೆಸರಾದವರು. ಈಗಲೂ ಟೀ ತರಲು ಹೊರಟರೂ ಪಟ್ಟಾಭಿಷೇಕಕ್ಕೆ ಹೊರಟ ಹಾಗೆ ನಡೆಯುತ್ತಿದ್ದರು. ಟಪ್ಲಿನ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮಾಂಸದ ಅಂಗಡಿಯವನು ಒಮ್ಮೆ, "ಮಿಸೆಸ್ ಟಪ್ಲಿನ್ ಥರ ಬೈದ್ರೆ ಒಳ್ಳೇ ತುಂಡು ಕೊಡ್ತೀನಿ" ಅಂದನಂತೆ. ರೇಷನ್ ಕಾಲ, ಬೈದರು. ಒಳ್ಳೆಯ ತುಂಡೇ ಸಿಕ್ಕಿತು. ಮನೆಗೆ ಬಂದು ಅದನ್ನು ಬೇಯಿಸುತ್ತಾ ಅತ್ತರಂತೆ. "ಇಪ್ಪತ್ತು ವರ್ಷ ಜನ ನನ್ನ ಮುಖ ನೋಡೋಕೆ ಬರ್ತಿದ್ರು ಎನಿಡ್. ಈಗ ನನಗೊಂದು ಮುಖ ಇದೆ ಅನ್ನೋದೇ ಯಾರಿಗೂ ಗೊತ್ತಿಲ್ಲ" ಎಂದು ನನ್ನ ಹತ್ತಿರ ಹೇಳಿದ್ದರು.

ಆ ಚಳಿಗಾಲ ಬರ್ಮಿಂಗ್‌ಹ್ಯಾಮಿನ ನಾಟಕ ಮಂಡಳಿಯೊಂದು ರಾಣಿಯ ಪಾತ್ರಕ್ಕೆ ಕರೆಯಿತು. ಆನರ್ ಎರಡನೇ ಸಲ ಯೋಚಿಸಲಿಲ್ಲ, ಹೊರಡುತ್ತೇನೆ ಅಂದರು. ವಿಲ್ಫ್‌ನ ಮುಖ ಒದ್ದೆ ಬಟ್ಟೆಯಂತಾಯಿತು.

"ಟಪ್ಲಿನ್‌ನ ಏನ್ ಮಾಡ್ಲಿ ಹೇಳು. ಸಾಯಿಸ್ಲಾ, ಕೆನಡಾಕ್ಕೆ ಕಳಿಸ್ಲಾ?"

"ಸಾಯಿಸು. ನಿಧಾನವಾಗಿ ಸಾಯಿಸು."

"ಅವಳನ್ನ ಸಾಯಿಸಿದ್ರೆ ಜನ ನನ್ನ ಸಾಯಿಸ್ತಾರೆ. ಕೆನಡಾದಲ್ಲಿ ತಂಗಿ ಇದಾಳೆ ಅಂತ ಬರೀತೀನಿ, ಹಡಗು ಹತ್ತು, ಹೋಗು."

ಸುದ್ದಿ ಪೇಪರಿನಲ್ಲೂ ಬಂತು. ಟಪ್ಲಿನ್ ಹಡಗು ಹತ್ತುವ ಕಂತು ಡಿಸೆಂಬರಿನ ಒಂದು ಭಾನುವಾರಕ್ಕೆ ನಿಗದಿಯಾಯಿತು.

ಅವತ್ತೇ ಮಂಜು ಇಳಿಯಿತು. ಲಂಡನ್ನಿನ ಮಂಜು ಎಂದರೆ ಬಿಳಿಯದಲ್ಲ. ಮನೆಮನೆಯ ಕಲ್ಲಿದ್ದಲ ಹೊಗೆ ಕುಡಿದು ಹಳದಿಗಟ್ಟಿ, ಬಾಯಿಗೆ ಹೋದರೆ ಹಳೇ ಕಬ್ಬಿಣದ ರುಚಿ. ನಾವು ಅಭ್ಯಾಸಕ್ಕೆಂದು ಬೆಳಿಗ್ಗೆಯೇ ಕ್ಯಾಮ್ಡೆನ್‌ನ ಆ ಹಳೆಯ ಥಿಯೇಟರಿಗೆ ಸೇರಿಕೊಂಡಿದ್ದೆವು. ಮಧ್ಯಾಹ್ನದ ಹೊತ್ತಿಗೆ ಎದುರಿನ ಫುಟ್‌ಪಾತು ಮಾಯವಾಯಿತು. ಆಮೇಲೆ ನಾವು ನಿಂತಿದ್ದ ಮೆಟ್ಟಿಲೂ ಮಾಯವಾಯಿತು. ಪ್ರೇಕ್ಷಕರು ಬರುವ ಹೊತ್ತು ಮೀರಿತು. ಕುರ್ಚಿಗಳೆಲ್ಲ ಖಾಲಿ. ಬಂದಿದ್ದವನು ಒಬ್ಬನೇ ಮುದುಕ, ಅವನೂ ಇದು ಚರ್ಚು ಅಂದುಕೊಂಡು ಟೋಪಿ ತೆಗೆದು ಕೂತಿದ್ದ.

ನಮ್ಮ ನಿರ್ಮಾಪಕ ಮಿಸ್ಟರ್ ಲಾರಿಮರ್ ಸೈನ್ಯದಲ್ಲಿದ್ದವರು. ಕಷ್ಟ ಬಂದಾಗ ಮೀಸೆ ತಿರುವುತ್ತಿದ್ದರು.

"ಪ್ರಸಾರ ನಿಲ್ಲಿಸೋ ಹಾಗಿಲ್ಲ. ಖಾಲಿ ಕುರ್ಚಿಗೇ ಆಡಿ."

ವಿಲ್ಫ್ ಬೆವೆತುಹೋದ. "ಸಾರ್, ನಗೋರು ಇಲ್ದೆ ನನಗೆ ಜೋಕು ಹೇಳೋಕೆ ಬರಲ್ಲ. ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗಲ್ಲ. ಗೋಡೆ ಇಲ್ದೆ ಚೆಂಡು ಎಸೆದ ಹಾಗೆ."

"ನಗುವಿನ ರೆಕಾರ್ಡ್ ಇದೆಯಲ್ಲ. ಎನಿಡ್, ಹಾಕಮ್ಮ."

ಹಾಕಿದೆ. ಎಲ್ಲಿಯದೋ ಜನ ಹೋ ಎಂದು ನಕ್ಕರು, ಒಬ್ಬ ಕೆಮ್ಮಿದ, ಕೊನೆಗೆ ಒಬ್ಬ ಹೆಂಗಸು ಸ್ಪಷ್ಟವಾಗಿ, "ಅಯ್ಯೋ, ನನ್ನ ಕಾಲು!" ಎಂದು ಕಿರುಚಿದಳು. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ ಕೆಮ್ಮು, ಅದೇ ಕಾಲು.

"ಪ್ರತಿ ಜೋಕಿಗೂ ಆ ಹೆಂಗಸಿನ ಕಾಲು ತುಳೀಬೇಕಾ ನಾನು?" ಎಂದ ವಿಲ್ಫ್. ಮೂಲೆಗೆ ಹೋಗಿ ಕುಳಿತು ತಲೆ ಮೇಲೆ ಕೈಯಿಟ್ಟುಕೊಂಡ.

ಆನರ್ ಕೋಟು ಹಾಕಿಕೊಂಡರು. "ಒಳಗೂ ಮಂಜು, ಹೊರಗೂ ಮಂಜು. ಹೊರಗಿನದಾದ್ರೂ ತಾಜಾ ಇರುತ್ತೆ. ಬಾ ಎನಿಡ್." ಯಾವುದಕ್ಕೂ ಇರಲಿ ಎಂದು ನಾನು ನಮ್ಮ ಬಾಗಿಲಿನ ಹಿತ್ತಾಳೆ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡೆ.

ಕಬ್ಬಿಣದ ಕಟಕಟೆ ಹಿಡಿದು ಬೀದಿಯ ತಿರುವಿನವರೆಗೆ ಹೋದೆವು. ಅಲ್ಲಿ ಮಂಜಿನೊಳಗಿಂದ ಮಾತು ಕೇಳಿಸಿತು. ಹೆಂಗಸರ ಗುಂಪೇ ಇದ್ದ ಹಾಗಿತ್ತು.

"ಈ ಅಂಚೆ ಡಬ್ಬಾನ ಆಗಲೇ ನೋಡಿದ್ವಿ ಕಣೇ."

"ಅದು ಬೇರೆ ಡಬ್ಬಾ."

"ನಿನ್ ತಲೆ. ನಾನು ಆಗ ಕೈಗವಸು ಇಟ್ಟಿದ್ದೆ ಇದರ ಮೇಲೆ. ನೋಡು, ಇಲ್ಲೇ ಇದೆ."

ವಾಲ್ತಮ್‌ಸ್ಟೋವ್ ಲಾಂಡ್ರಿಯೊಂದರ ಕೆಲಸಗಾರ್ತಿಯರು ಅವರು. ಬಸ್ಸು ದಾರಿಯಲ್ಲೇ ನಿಂತು, ಡ್ರೈವರು ಇನ್ನು ನನ್ನಿಂದಾಗದು ಎಂದು ಕೈಚೆಲ್ಲಿದ ಮೇಲೆ, ಇಳಿದು ನಡೆದೇ ನಮ್ಮ ಥಿಯೇಟರು ಹುಡುಕುತ್ತಿದ್ದರು. ಒಂದೇ ಬೀದಿಯನ್ನು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದರು.

ಆನರ್ ತಮ್ಮ ರಾಣಿಯ ಕಂಠದಲ್ಲಿ, "ಮಹಿಳೆಯರೇ, ದಯವಿಟ್ಟು ಈ ಕಡೆ ಬನ್ನಿ" ಎಂದರು.

ಅತ್ತ ಹೆಜ್ಜೆಗಳು ನಿಂತವು. ಆಮೇಲೆ ಪಿಸುಮಾತು.

"ಯಾರೇ ಅದು?"

"ಯಾವುದೋ ದೊರೆಸಾನಿ. ಹೋಗ್ಬೇಡಿ, ಕೈಚೀಲ ಭದ್ರ. ಇಂಥ ಮಂಜಲ್ಲಿ ಸಭ್ಯರು ಯಾರು ಬೀದೀಲಿ ನಿಂತಿರ್ತಾರೆ?"

"ನಾನು ಥಿಯೇಟರಿನವಳು, ನಂಬಿ" ಎಂದರು ಆನರ್. ಹೆಜ್ಜೆಗಳ ಸದ್ದು ಇನ್ನೂ ದೂರ ಸರಿಯಿತು. ಆ ಕಡೆ ಕಾಲುವೆ ಇದೆ. ಅವರ ತೋಳು ಜಗ್ಗಿದೆ. "ಮಿಸ್ ವೀಸಿ, ಆ ಕಡೆ ನೀರು!" ಎಂದೆ.

ಅವರು ಒಂದು ಉಸಿರು ಎಳೆದುಕೊಂಡರು. ಮುಂದಿನ ಕ್ಷಣ ನನ್ನ ಪಕ್ಕದಲ್ಲಿ ಮಿಸೆಸ್ ಟಪ್ಲಿನ್ ನಿಂತಿದ್ದಳು.

"ಏಯ್! ಎಲ್ಲಿಗ್ರೇ ಹೊರಟ್ರಿ ಮೆರವಣಿಗೆ? ಕಾಲುವೇಲಿ ಮುಳುಗಿ ಒದ್ದೆ ಬಟ್ಟೇಲಿ ನನ್ನ ಮನೇಗೆ ಬಂದ್ರೆ ಜೋಕೆ! ಈಗಷ್ಟೇ ನೆಲ ಒರೆಸಿದೀನಿ! ತಿರುಗಿ ಈ ಕಡೆ!"

ಎಲ್ಲರೂ ನಿಂತರು. ಯಾರೋ ಒಬ್ಬಳು, "ಅವಳೇ ಕಣ್ರೇ!" ಎಂದು ಕೂಗಿದಳು. ಮಂಜೆಲ್ಲ ನಗತೊಡಗಿತು. ಎದುರಿಗಿದ್ದವರ ಮೂಗು ಕಾಣದಿದ್ದರೂ, ಆ ಧ್ವನಿ ಅವರಿಗೆ ಅಡುಗೆಮನೆಯಷ್ಟು ಪರಿಚಿತ. ನಾನು ಗಂಟೆ ಅಲ್ಲಾಡಿಸಿದೆ. ಅವರು ಕೈಕೈ ಹಿಡಿದು ಧ್ವನಿಯತ್ತ ಬಂದರು.

"ಒಬ್ಬರ ಹಿಂದೆ ಒಬ್ಬರು! ತಳ್ಳಾಟ ಬೇಡ! ಹಿಂದೆ ಯಾರದು ಕಿಸಿಕಿಸಿ? ಕಾಲು ಒರೆಸ್ಕೊಂಡು ಬನ್ನಿ, ಬೀದಿ ಆದ್ರೇನಂತೆ!"

ಮುಂದೆ ಬಂದ ಮುದುಕಿ, ಮಿಸೆಸ್ ಹಾಬ್‌ಡೇ ಅಂತೆ, ಆನರ್ ಕೈಯನ್ನು ಭದ್ರವಾಗಿ ಹಿಡಿದಳು. ಸೋಪಿನ ನೀರಲ್ಲಿ ಸವೆದು ಒರಟಾದ ಕೈ. "ನಮ್ಮ ಯಜಮಾನ್ರು ನನ್ನ ಮಾತು ಯಾವತ್ತು ಕೇಳಿದ್ರು ಹೇಳಿ? ನೀವು ರೇಡಿಯೋದಲ್ಲಿ 'ತಟ್ಟೆ ಖಾಲಿ ಮಾಡು' ಅಂದ ತಕ್ಷಣ ಕ್ಯಾಬೇಜು ಪೂರಾ ತಿಂತಾರೆ ನೋಡಿ!"

"ಇಂಥ ಮಂಜಲ್ಲಿ ಯಾಕಮ್ಮ ಬರೋಕೆ ಹೋದ್ರಿ?" ಆನರ್ ತಮ್ಮ ಸ್ವಂತ ಧ್ವನಿಯಲ್ಲೇ ಕೇಳಿದರು.

"ನೀವು ಕೆನಡಾಕ್ಕೆ ಹೋಗ್ತಿದೀರಂತಲ್ಲ. ಹೋಗೋ ಮುಂಚೆ ಒಂದ್ಸಲ ಎದುರಿಗೆ ಕೂತು ಬೈಸ್ಕೊಂಡು ಬರೋಣ ಅಂತ. ನಮ್ಮ ಮೇಸ್ತ್ರಿಣಿನೂ ಬೈತಾಳೆ, ಆದ್ರೆ ಅವಳ ಬೈಗುಳದಲ್ಲಿ ರುಚಿ ಇಲ್ಲ."

ಆನರ್ ಥಿಯೇಟರಿನತ್ತ ನಡೆದರು. ಆ ಕೈ ಮಾತ್ರ ಬಿಡಲಿಲ್ಲ.

ದಾರಿಯಲ್ಲಿ ಗಂಟೆಯ ಸದ್ದಿಗೆ ಇನ್ನಷ್ಟು ಜನ ಸಾಲಿಗೆ ಅಂಟಿಕೊಂಡರು. ದಾರಿ ತಪ್ಪಿದ ಒಬ್ಬ ಪೊಲೀಸು, ಕಂಕುಳಲ್ಲಿ ಜೀವಂತ ಹೆಬ್ಬಾತು ಇಟ್ಟುಕೊಂಡಿದ್ದ ಒಬ್ಬ ಗೃಹಸ್ಥ, ಪ್ರಿಯತಮನನ್ನು ಸ್ಟೇಷನ್ನಿನಲ್ಲಿ ಭೇಟಿಯಾಗಬೇಕಿದ್ದ ಹುಡುಗಿ. "ಇದು ಎಲ್ಲಿಗೆ ಹೋಗೋ ಸಾಲು?" ಎಂದು ಹೆಬ್ಬಾತಿನವನು ಕೇಳಿದ. "ಸುಮ್ನೆ ಬಾರಯ್ಯ, ಬೆಚ್ಚಗಿರುತ್ತೆ" ಎಂದಳು ಹಾಬ್‌ಡೇ.

ಥಿಯೇಟರು ತುಂಬಿತೆಂದು ಹೇಳಲಾರೆ, ಮುಂದಿನ ಸಾಲುಗಳು ತುಂಬಿದವು. ವಿಲ್ಫ್ ಎದ್ದು ನಿಂತು ಆ ಜನರನ್ನು ನೋಡಿದ ರೀತಿ, ಹಸಿದವನು ಬಿಸಿ ರೊಟ್ಟಿ ನೋಡಿದ ಹಾಗಿತ್ತು. ಪ್ರಸಾರದ ಕೆಂಪು ದೀಪ ಹತ್ತಿತು.

ಅವತ್ತು ಏನು ಹೇಳಿದರೂ ನಗು. ಪಿಮ್ ಪೆಟ್ಟಿಗೆ ಹೊತ್ತುಕೊಂಡು ಬಂದ, ನಕ್ಕರು. ನಾನು ಬಾಗಿಲು ಬಡಿದೆ, ನಕ್ಕರು. ಹೆಬ್ಬಾತು ತನಗೆ ತೋಚಿದಲ್ಲೆಲ್ಲ ಕೂಗಿ ಇನ್ನೂ ನಗಿಸಿತು. "ಮಿಸ್ಟರ್ ಪಿಮ್, ಕೋಣೇಲಿ ಮೀನಷ್ಟೇ ಅಂದ್ಕೊಂಡಿದ್ದೆ!" ಎಂದು ಆನರ್ ತಕ್ಷಣ ಸೇರಿಸಿದರು. ಮಿಸ್ಟರ್ ಲಾರಿಮರ್ ಗಾಜಿನ ಕೋಣೆಯೊಳಗೆ ಮೀಸೆ ಹಿಡಿದು ಕುಳಿತುಬಿಟ್ಟರು.

ಕೊನೆಯ ದೃಶ್ಯ ಬಂತು, ಹಡಗುಕಟ್ಟೆಯಲ್ಲಿ. ನಾನು ಹಡಗಿನ ಸೈರನ್ ಊದಿದೆ. ಪಿಮ್ ಬೀಳ್ಕೊಡುತ್ತಿದ್ದಾನೆ. ಹಾಬ್‌ಡೇ ಕರವಸ್ತ್ರ ತೆಗೆದಳು. ವಿಲ್ಫ್‌ನ ಧ್ವನಿ ನಿಜವಾಗಿಯೇ ನಡುಗಿತು.

"ಹೋಗಿ ಬನ್ನಿ ಮಿಸೆಸ್ ಟಪ್ಲಿನ್. ಕೆನಡಾದಲ್ಲಿ ಬೈಯೋಕೆ ಯಾರಾದ್ರೂ ಸಿಗ್ಲಿ."

ಇಲ್ಲಿ ಆನರ್ "ಬರ್ತೀನಿ ಮಿಸ್ಟರ್ ಪಿಮ್" ಎನ್ನಬೇಕು, ಹಡಗು ಹೊರಡಬೇಕು. ಅವರು ಕೈಯಲ್ಲಿದ್ದ ಹಾಳೆಯನ್ನು ಮಡಚಿದರು. ಮುಂದಿನ ಸಾಲಿನಲ್ಲಿ ಕೂತವರನ್ನು ಒಂದು ಗಳಿಗೆ ನೋಡಿದರು.

"ಯಾವ ಹಡಗು ಮಿಸ್ಟರ್ ಪಿಮ್? ನಿಮಗೆ ಕಾಣಿಸ್ತಿದೆಯಾ?"

ವಿಲ್ಫ್ ಬಾಯಿ ತೆರೆದ. ಸ್ಕ್ರಿಪ್ಟಿನಲ್ಲಿ ಇರದ ಮಾತು. "ಅದು... ಇಲ್ಲ. ಮಂಜು."

"ಮಂಜಲ್ಲಿ ಹಡಗು ಹೊರಡುತ್ತಾ?"

"ಹೊರಡಲ್ಲ ಅನ್ಸುತ್ತೆ" ಎಂದ. ಅವನ ಮುಖ ನಿಧಾನವಾಗಿ ಅರಳತೊಡಗಿತ್ತು.

"ಮತ್ತೆ ಬಾಯಿ ಬಿಟ್ಕೊಂಡು ನಿಂತಿದೀರಲ್ಲ! ಎತ್ತಿ ಪೆಟ್ಟಿಗೆ! ನಡೀರಿ ಮನೆಗೆ! ನಾನಿಲ್ದಾಗ ಎಷ್ಟು ಮೀನು ಹುರಿದ್ರಿ ಅಂತ ಮೂಗಿಗೇ ಗೊತ್ತಾಗುತ್ತೆ!"

ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ. ಲಾಂಡ್ರಿ ಹೆಂಗಸರು ಎದ್ದು ನಿಂತು ಕುಣಿದರು. ಪೊಲೀಸು ಟೋಪಿ ಎಸೆದ. ನಾನು ಜಲ್ಲಿಯ ಮೇಲೆ ಇಬ್ಬರ ಹೆಜ್ಜೆ ಹಾಕಿ, ಬಾಗಿಲು ತೆಗೆದು, ಬಲವಾಗಿ ಬಡಿದೆ. ಪ್ರಸಾರ ಮುಗಿಯಿತು.

ಮಿಸ್ಟರ್ ಲಾರಿಮರ್ ಕೆಂಪಗಾಗಿ ಓಡಿಬಂದರು. "ಮಿಸ್ ವೀಸಿ! ಮುಂದಿನ ವಾರಕ್ಕೆ ಹೊಸ ಮನೆಯೊಡತಿಯನ್ನ ಗೊತ್ತುಮಾಡಿ ಆಗಿದೆ!"

"ಅವಳನ್ನ ಕೆನಡಾಕ್ಕೆ ಕಳಿಸಿ" ಎಂದರು ಆನರ್.

ವಿಲ್ಫ್ ಮಾತ್ರ ಅವರ ಪಕ್ಕ ಬಂದು ಮೆಲ್ಲಗೆ, "ಬರ್ಮಿಂಗ್‌ಹ್ಯಾಮ್?" ಎಂದ.

"ಬರಲ್ಲ ಅಂತ ತಂತಿ ಕಳಿಸ್ತೀನಿ. ಆದ್ರೆ ಕೇಳು ವಿಲ್ಫ್, ಬೇಸಿಗೆ ರಜೆಯಲ್ಲಿ ನಾನು ರಾಣಿಯಾಗೇ ಆಗ್ತೀನಿ. ಆಗ ನೀನು ಅಡ್ಡ ಬರೋ ಹಾಗಿಲ್ಲ."

"ಮುಂದಿನ ಸಾಲಲ್ಲಿ ಕೂತ್ಕೋತೀನಿ ಮಾರಾಯ್ತಿ."

ಮಾತು ಉಳಿಸಿಕೊಂಡರು. ಮುಂದಿನ ಬೇಸಿಗೆ, ಸಮುದ್ರದ ಬದಿಯ ಚಿಕ್ಕ ಥಿಯೇಟರೊಂದರಲ್ಲಿ ಆನರ್ ಕಿರೀಟ ಹೊತ್ತು ರಂಗಕ್ಕೆ ಬಂದರು. ವಿಲ್ಫೂ ನಾನೂ ಹೋಗಿದ್ದೆವು. ಅವರು ಮೊದಲ ಮಾತಾಡಿದ ಕೂಡಲೇ ಗ್ಯಾಲರಿಯಲ್ಲಿ ಯಾರೋ, "ಮಿಸೆಸ್ ಟಪ್ಲಿನ್!" ಎಂದು ಕೂಗಿ, ಎಲ್ಲ ಘೊಳ್ಳೆಂದು ನಕ್ಕರು. ಆನರ್ ಅಲುಗಲಿಲ್ಲ. ನಗು ತಾನಾಗಿ ಮುಗಿಯುವವರೆಗೆ ಕಾದರು, ಗ್ಯಾಲರಿಯ ಕಡೆ ತಲೆಯೆತ್ತಿ ಒಮ್ಮೆ ನೋಡಿದರು, ಮುಂದಿನ ಮಾತು ಹೇಳಿದರು. ಆಮೇಲೆ ಯಾರೂ ನಗಲಿಲ್ಲ. ರಾಣಿ ಸೆರೆಮನೆಗೆ ನಡೆಯುವ ಹೊತ್ತಿಗೆ ಅದೇ ಗ್ಯಾಲರಿ ಮೂಗು ಒರೆಸಿಕೊಳ್ಳುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಅಳುತ್ತಿದ್ದವನು ವಿಲ್ಫ್. ಹಿಂದಿನ ಕುರ್ಚಿಯ ಹೆಂಗಸು ಛತ್ರಿಯಿಂದ ಅವನ ಬೆನ್ನಿಗೆ ತಿವಿದು, "ಸ್ವಲ್ಪ ಸುಮ್ನಿರ್ತೀರಾ? ರಾಣಿ ಮಾತಾಡ್ತಿದಾರೆ" ಎಂದಳು.